ಜನಾಭಿಪ್ರಾಯ ಸರ್ಕಾರದ ಕಡತ ಸೇರುವುದು ಹೇಗೆ? ನಾಗರಿಕರಿಗೊಂದು ಕೈಪಿಡಿ

2016ರಲ್ಲಿ ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉದ್ದದ ಉಕ್ಕಿನ ಮೇಲ್ಸೇತುವೆ ಕಟ್ಟಲು ಸರ್ಕಾರ ಮುಂದಾದಾಗ, ಸಾರ್ವಜನಿಕರ ಅಭಿಪ್ರಾಯವನ್ನು ಕೇಳಿಯಾಗಿದೆ, ಬಂದಿರುವ 299 ಇ-ಮೇಲ್‌ಗಳಲ್ಲಿ ಹೆಚ್ಚಿನವು ಯೋಜನೆಯ ಪರವಾಗಿವೆ ಎಂದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಹೇಳಿತ್ತು. ಆ ವರ್ಷದ ಅಕ್ಟೋಬರ್ 16ರಂದು ಅದೇ ರಸ್ತೆಯಲ್ಲಿ ಸಾವಿರಾರು ಜನ ಮಾನವ ಸರಪಳಿ ಕಟ್ಟಿ 'ಸ್ಟೀಲ್ ಫ್ಲೈಓವರ್ ಬೇಡ' ಎಂದರು. ವಿಷಯ ಹಸಿರು ನ್ಯಾಯಮಂಡಳಿಯ ಮುಂದೆಯೂ ಹೋಯಿತು. 2017ರ ಮಾರ್ಚ್ 2ರಂದು ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಈ ಪ್ರಕರಣವನ್ನು ಬೀದಿ ಹೋರಾಟದ ಗೆಲುವೆಂದು ನೆನೆಯುವವರೇ ಹೆಚ್ಚು, ಮತ್ತು ಅದು ನಿಜವೂ ಹೌದು. ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಆ 299 ಎಂಬ ಸಂಖ್ಯೆ. ಕೋಟಿ ಜನರಿರುವ ನಗರದಲ್ಲಿ ಅಭಿಪ್ರಾಯ ಕೇಳಿದ ಹೊತ್ತಿಗೆ ಬರೆದವರು ಮುನ್ನೂರು ಮಂದಿಯೂ ಇಲ್ಲ. ಬರೆಯದೆ ಉಳಿದವರ ಮೌನವನ್ನು ಕಡತವು ಒಪ್ಪಿಗೆಯೆಂದೇ ಓದಿಕೊಂಡಿತು.

ಪ್ರಜಾಪ್ರಭುತ್ವದಲ್ಲಿ ಜನಾಭಿಪ್ರಾಯವೇ ದೊಡ್ಡದು ಎಂಬ ಮಾತನ್ನು ನಾವು ಶಾಲೆಯ ಪಠ್ಯದಿಂದಲೇ ಕೇಳುತ್ತ ಬಂದಿದ್ದೇವೆ. ಆಡಳಿತದ ಒಳಗೆ ಮಾತ್ರ ಅಭಿಪ್ರಾಯಕ್ಕೆ ಬೆಲೆ ಬರುವುದು ಅದು ಕಾನೂನು ತೋರಿಸಿದ ಜಾಗದಲ್ಲಿ, ಕಾನೂನು ಕೊಟ್ಟ ಅವಧಿಯೊಳಗೆ, ಬರವಣಿಗೆಯ ರೂಪದಲ್ಲಿ ದಾಖಲಾದಾಗ. ಚಹಾ ಅಂಗಡಿಯ ಮುಂದೆ ಆಡಿದ ಮಾತು, ವಾಟ್ಸ್ಆ್ಯಪ್ ಗುಂಪಿನಲ್ಲಿ ಹಂಚಿದ ಸಿಟ್ಟು, ಊರ ಹಿರಿಯರು ಶಾಸಕರಿಗೆ ಬಾಯಿಮಾತಿನಲ್ಲಿ ಹೇಳಿಬಂದದ್ದು ಇವೆಲ್ಲ ಜನಾಭಿಪ್ರಾಯವನ್ನು ರೂಪಿಸುತ್ತವೆ ನಿಜ, ಆದರೆ ಮುಂದೊಂದು ದಿನ ಮೇಲಧಿಕಾರಿಯೋ ನ್ಯಾಯಾಲಯವೋ 'ಜನರು ಏನು ಹೇಳಿದ್ದರು?' ಎಂದು ಕೇಳಿದಾಗ ತೆಗೆದು ತೋರಿಸಲು ಇವುಗಳಲ್ಲಿ ಯಾವುದೂ ಕೈಗೆ ಸಿಗುವುದಿಲ್ಲ. ನಿಮ್ಮ ಊರಿಗೋ ಬಡಾವಣೆಗೋ ಒಂದು ಯೋಜನೆ ಬರುತ್ತಿದೆ ಎಂದಾದಾಗ, ನೀವು ಅದರ ಪರವೇ ಇರಿ, ವಿರುದ್ಧವೇ ಇರಿ, ಅಭಿಪ್ರಾಯವನ್ನು ಕಡತದೊಳಗೆ ಸೇರಿಸುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ.

ತೀರ್ಮಾನ ಯಾರ ಕೈಯಲ್ಲಿದೆ ಎಂಬುದನ್ನು ಮೊದಲು ತಿಳಿಯಿರಿ

ಹೆಚ್ಚಿನ ಮನವಿಗಳು ಸೋಲುವುದು ಅವು ತಪ್ಪು ವಿಳಾಸಕ್ಕೆ ಹೋಗುವುದರಿಂದ. ಕೈಗಾರಿಕೆಗಾಗಿ ಭೂಮಿ ತೆಗೆದುಕೊಳ್ಳುವ ವಿಷಯದಲ್ಲಿ ಗ್ರಾಮ ಪಂಚಾಯಿತಿ ಅಧ್ಯಕ್ಷರಿಗೆ ಮಾತ್ರ ಮನವಿ ಕೊಟ್ಟು ಸುಮ್ಮನಾದರೆ ಅವರು ಮಾಡಬಹುದಾದದ್ದು ಅಷ್ಟಕ್ಕಷ್ಟೇ. ಪಂಚಾಯಿತಿಯೇ ಮಾಡಬೇಕಾದ ಕೆಲಸಕ್ಕೆ ಮುಖ್ಯಮಂತ್ರಿಗೆ ಬರೆದರೆ ಆ ಪತ್ರ ಮೇಜಿನಿಂದ ಮೇಜಿಗೆ ಇಳಿಯುತ್ತ ತಿಂಗಳುಗಳ ನಂತರ ಮತ್ತೆ ನಿಮ್ಮ ಪಂಚಾಯಿತಿಗೇ ಬಂದು ಬೀಳುತ್ತದೆ. ಆದ್ದರಿಂದ ಯಾವ ಕಾಯ್ದೆಯ ಅಡಿಯಲ್ಲಿ, ಯಾವ ಅಧಿಕಾರಿ ಅಥವಾ ಸಂಸ್ಥೆ, ಯಾವ ಹಂತದಲ್ಲಿ ತೀರ್ಮಾನ ಮಾಡುತ್ತದೆ ಎಂಬ ಮೂರು ಸಂಗತಿಗಳನ್ನು ಮೊದಲ ದಿನವೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಈ ಮೂರೂ ಸಾಮಾನ್ಯವಾಗಿ ಅಧಿಸೂಚನೆಯ ಮೊದಲ ಪ್ಯಾರಾದಲ್ಲಿಯೇ ಇರುತ್ತವೆ.

ಹಂತದ ವಿಚಾರವನ್ನು ಹಗುರವಾಗಿ ಕಾಣಬಾರದು. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಟ ನಂತರ ಆಕ್ಷೇಪಣೆ ಸಲ್ಲಿಸಲು 60 ದಿನಗಳ ಅವಕಾಶವಿದೆ. ಅದೇ ಭೂಮಿಯನ್ನು 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯ ಅಡಿಯಲ್ಲಿ, ಅಂದರೆ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಐಎಡಿಬಿ) ಮೂಲಕ, ತೆಗೆದುಕೊಳ್ಳುವುದಾದರೆ ನೋಟಿಸು ಕೈಸೇರಿದ ನಂತರ ಸಿಗುವ ಅವಧಿ 30 ದಿನ. ಕಾಯ್ದೆ ಬದಲಾದರೆ ಗಡುವು ಅರ್ಧಕ್ಕೆ ಇಳಿಯುತ್ತದೆ. ಎರಡರಲ್ಲಿಯೂ ಆಕ್ಷೇಪಣೆ ಕೊಟ್ಟವರಿಗೆ ಖುದ್ದಾಗಿ ವಿಚಾರಣೆಗೆ ಹಾಜರಾಗುವ ಅವಕಾಶ ಇದೆ ಎಂಬುದು ಅನೇಕ ರೈತರಿಗೆ ಗೊತ್ತೇ ಇರುವುದಿಲ್ಲ. ಆಕ್ಷೇಪಣೆಯ ಕೊನೆಯಲ್ಲಿ 'ನನ್ನನ್ನು ಖುದ್ದಾಗಿ ಆಲಿಸಬೇಕೆಂದು ಕೋರುತ್ತೇನೆ' ಎಂಬ ಒಂದು ವಾಕ್ಯ ಸೇರಿಸಿದರೆ ಆ ಹಕ್ಕನ್ನು ನೀವು ಬಿಟ್ಟುಕೊಟ್ಟಿಲ್ಲ ಎಂಬುದು ದಾಖಲಾಗುತ್ತದೆ.

ಅಧಿಸೂಚನೆ ಎಲ್ಲಿ ಸಿಗುತ್ತದೆ ಎಂದು ಕೇಳುವವರಿಗೆ ಹೇಳಬೇಕಾದದ್ದು ಇಷ್ಟು: ರಾಜ್ಯಪತ್ರವನ್ನೂ, ಪಂಚಾಯಿತಿ, ತಾಲ್ಲೂಕು ಕಚೇರಿಗಳ ಸೂಚನಾ ಫಲಕವನ್ನೂ, ಪತ್ರಿಕೆಗಳ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುವ ಪ್ರಕಟಣೆಗಳನ್ನೂ ವಾರಕ್ಕೊಮ್ಮೆ ನೋಡುವ ಹೊಣೆಯನ್ನು ಊರಿನ ಇಬ್ಬರಿಗೆ ವಹಿಸಬೇಕು. ಸಿಕ್ಕಿದ ಪ್ರಕಟಣೆಯ ಫೋಟೊವನ್ನು ದಿನಾಂಕ ಕಾಣುವಂತೆ ತೆಗೆದಿಡಬೇಕು. ಗಡುವು ಮೀರಿದೆ ಎಂಬ ತಕರಾರು ಬಂದಾಗ ಈ ಫೋಟೊ ಉಪಯೋಗಕ್ಕೆ ಬರುತ್ತದೆ.

ಭಾಷೆಯ ಪ್ರಶ್ನೆಯನ್ನೂ ಇಲ್ಲಿಯೇ ಎತ್ತಬೇಕು. 2020ರಲ್ಲಿ ಕೇಂದ್ರ ಪರಿಸರ ಸಚಿವಾಲಯವು ಪರಿಸರ ಪರಿಣಾಮ ಅಂದಾಜಿನ ಅಧಿಸೂಚನೆಯ ಹೊಸ ಕರಡನ್ನು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಹೊರಡಿಸಿ ಇಡೀ ದೇಶದ ಅಭಿಪ್ರಾಯ ಕೇಳಿತು. ಸಾರ್ವಜನಿಕ ಅಹವಾಲು ಸಭೆಗೆ ಮುನ್ನ ಕೊಡಬೇಕಾದ 30 ದಿನಗಳ ಸೂಚನೆಯನ್ನು 20 ದಿನಕ್ಕೆ ಇಳಿಸುವ ಪ್ರಸ್ತಾವವೂ ಆ ಕರಡಿನಲ್ಲಿತ್ತು. ಕರಡನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಿಗೆ ಅನುವಾದಿಸಬೇಕೆಂದು ದೆಹಲಿ ಹೈಕೋರ್ಟ್ ಜೂನ್ 30ರಂದು ಆದೇಶಿಸಿ, ಅಭಿಪ್ರಾಯ ಸಲ್ಲಿಸುವ ಗಡುವನ್ನು ಆಗಸ್ಟ್ 11ರವರೆಗೆ ವಿಸ್ತರಿಸಿತು. ಸ್ಥಳೀಯ ಭಾಷೆಗಳಲ್ಲಿ ಸಾಕಷ್ಟು ಪ್ರಚಾರ ಕೊಟ್ಟಿಲ್ಲವೆಂಬ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟ್ ಕೂಡ ಆಗಸ್ಟ್ ತಿಂಗಳಲ್ಲಿ ಅಂತಿಮ ಅಧಿಸೂಚನೆಗೆ ಮಧ್ಯಂತರ ತಡೆ ನೀಡಿತು. ಓದಲು ಬಾರದ ಭಾಷೆಯಲ್ಲಿ ಅಭಿಪ್ರಾಯ ಕೇಳುವುದು ಕೇಳಿದಂತೆಯೇ ಅಲ್ಲ ಎಂಬ ಸರಳ ವಾದಕ್ಕೆ ನ್ಯಾಯಾಲಯಗಳು ಬೆಲೆ ಕೊಟ್ಟ ಸಂದರ್ಭವಿದು. ಹಾಗಾಗಿ ನಿಮಗೆ ಸಿಕ್ಕ ದಾಖಲೆ ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ, ಕನ್ನಡದ ಪ್ರತಿ ಕೊಡಿ ಮತ್ತು ಅದು ಕೈಸೇರಿದ ದಿನದಿಂದ ಗಡುವನ್ನು ಎಣಿಸಿ ಎಂದು ಮೊದಲ ಪತ್ರದಲ್ಲಿಯೇ ಕೇಳಿ.

ದಾಖಲೆ ತರಿಸಿಕೊಳ್ಳುವುದು

ಕೆಐಎಡಿಬಿ ಸ್ವಾಧೀನದಲ್ಲಿ ಆಕ್ಷೇಪಣೆಗೆ ಇರುವ ಅವಧಿ 30 ದಿನ, ಮಾಹಿತಿ ಹಕ್ಕು ಕಾಯ್ದೆಯ ಅಡಿಯಲ್ಲಿ ಉತ್ತರ ಕೊಡಲು ಅಧಿಕಾರಿಗೆ ಇರುವ ಅವಧಿಯೂ 30 ದಿನ. ದಾಖಲೆ ಕೈಗೆ ಬಂದ ಮೇಲೆ ಬರೆಯೋಣ ಎಂದು ಕಾದವರು ಗಡುವು ತಪ್ಪಿಸಿಕೊಳ್ಳುವುದು ಇಲ್ಲಿಯೇ. ಅಧಿಸೂಚನೆ ಕಂಡ ದಿನವೇ ಮಾಹಿತಿ ಅರ್ಜಿ ಹಾಕಿ, ಉತ್ತರ ಬರದಿದ್ದರೂ ಗಡುವಿನೊಳಗೆ ಆಕ್ಷೇಪಣೆ ಸಲ್ಲಿಸಿ, ಅದರಲ್ಲಿ 'ಇಂತಹ ದಿನ ಇಂತಹ ದಾಖಲೆಗಳನ್ನು ಕೋರಿದ್ದೇನೆ, ಅವು ಇನ್ನೂ ದೊರೆತಿಲ್ಲ, ದೊರೆತ ನಂತರ ಹೆಚ್ಚುವರಿ ಆಕ್ಷೇಪಣೆ ಸಲ್ಲಿಸುವ ಹಕ್ಕನ್ನು ಕಾಯ್ದಿರಿಸಿಕೊಂಡಿದ್ದೇನೆ' ಎಂದು ಬರೆಯುವುದು ಸರಿಯಾದ ಕ್ರಮ.

ಕರ್ನಾಟಕದ ನಿಯಮಗಳ ಪ್ರಕಾರ ಒಂದು ಮಾಹಿತಿ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದಗಳನ್ನು ಮೀರಬಾರದು. ಶುಲ್ಕ ₹10. ಪದಮಿತಿ ಇರುವುದರಿಂದ ಪೀಠಿಕೆ, ಆರೋಪ, ಊರಿನ ಇತಿಹಾಸ ಯಾವುದನ್ನೂ ಅರ್ಜಿಯಲ್ಲಿ ಬರೆಯಬೇಡಿ, ದಾಖಲೆಯ ಹೆಸರನ್ನು ಬರೆಯಿರಿ. 'ಈ ಯೋಜನೆಗೆ ಈ ಜಾಗವನ್ನೇ ಏಕೆ ಆರಿಸಿದಿರಿ?' ಎಂದು ಕೇಳಿದರೆ, ಕಾರಣ ವಿವರಿಸುವುದು ನಮ್ಮ ಕರ್ತವ್ಯವಲ್ಲ ಎಂಬ ಹಿಂಬರಹ ಬರುವ ಸಾಧ್ಯತೆಯೇ ಹೆಚ್ಚು. 'ಜಾಗದ ಆಯ್ಕೆಗೆ ಸಂಬಂಧಿಸಿದ ಕಡತದ ಟಿಪ್ಪಣಿ ಹಾಳೆಗಳು, ಸ್ಥಳ ಪರಿಶೀಲನಾ ವರದಿ ಮತ್ತು ಸಂಬಂಧಪಟ್ಟ ಸಭಾ ನಡಾವಳಿಗಳ ದೃಢೀಕೃತ ಪ್ರತಿ ನೀಡಿ' ಎಂದು ಕೇಳಿದರೆ ಅದೇ ಉತ್ತರ ದಾಖಲೆಯ ರೂಪದಲ್ಲಿ ಸಿಗುತ್ತದೆ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಅದೇ ಕಚೇರಿಯ ಮೇಲ್ಮನವಿ ಪ್ರಾಧಿಕಾರಕ್ಕೆ, ಅಲ್ಲಿಯೂ ಆಗದಿದ್ದರೆ 90 ದಿನಗಳೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಹೋಗಬಹುದು.

ಊರಿನ ಅಭಿಪ್ರಾಯವನ್ನು ಪ್ರಾಮಾಣಿಕವಾಗಿ ಅಳೆಯುವುದು

'ಇಡೀ ಊರು ವಿರೋಧಿಸುತ್ತಿದೆ' ಎಂಬ ವಾಕ್ಯವನ್ನು ಬರೆಯುವ ಮೊದಲು ಇಡೀ ಊರನ್ನು ಕೇಳಿದ್ದೀರಾ ಎಂದು ನಿಮಗೆ ನೀವೇ ಪ್ರಶ್ನೆ ಹಾಕಿಕೊಳ್ಳಿ. ಈ ಹಂತವನ್ನು ಹಾರಿಬಿಡುವುದು ನಮ್ಮ ಬಹುತೇಕ ಹೋರಾಟಗಳ ದೌರ್ಬಲ್ಯ ಎಂಬುದು ನನ್ನ ದೃಢವಾದ ಅನಿಸಿಕೆ. ಜಮೀನುಳ್ಳವರ ಮಾತು ಊರಿನ ಮಾತಾಗಿಬಿಡುತ್ತದೆ. ಕೂಲಿಗೆ ಹೋಗುವವರು, ಗೇಣಿ ಮಾಡುವವರು, ಕೇರಿಯ ಜನ, ಹೆಣ್ಣುಮಕ್ಕಳು, ದುಡಿಮೆಗಾಗಿ ನಗರಕ್ಕೆ ಹೋಗಿ ಹಬ್ಬಕ್ಕಷ್ಟೇ ಬರುವ ಹುಡುಗರು ಏನನ್ನುತ್ತಾರೆ ಎಂದು ಯಾರೂ ವಿಚಾರಿಸುವುದಿಲ್ಲ. ಮುಂದೆ ಸಭೆಯಲ್ಲಿ ಯೋಜನೆಯ ಪರವಾಗಿ ಹತ್ತು ಜನ ಎದ್ದು ನಿಂತು 'ನಮಗೆ ಕೆಲಸ ಬೇಕು' ಎಂದಾಗ ಊರು ಒಡೆದಂತೆ ಕಾಣುತ್ತದೆ. ನಿಜವೇನೆಂದರೆ ಊರು ಆಗ ಒಡೆದದ್ದಲ್ಲ, ಅವರನ್ನು ಯಾರೂ ಮೊದಲೇ ಕೇಳಿರಲಿಲ್ಲ ಅಷ್ಟೆ.

ಐನೂರು ಮನೆಗಳೊಳಗಿನ ಊರಾದರೆ ಮಾದರಿ ಸಮೀಕ್ಷೆಯ ಗೋಜಿಗೆ ಹೋಗದೆ ಪ್ರತಿ ಮನೆಗೂ ಹೋಗುವುದೇ ಒಳ್ಳೆಯದು. ನಾಲ್ಕೈದು ಜೋಡಿಗಳು ಸಂಜೆಯ ಹೊತ್ತಿನಲ್ಲಿ ಓಡಾಡಿದರೆ ಹತ್ತು ದಿನದ ಕೆಲಸ. ಪ್ರತಿ ಜೋಡಿಯಲ್ಲಿ ಒಬ್ಬ ಮಹಿಳೆ ಇರಲಿ, ಮನೆಯ ಹೆಂಗಸರನ್ನು ಗಂಡಸರ ಎದುರಿನಲ್ಲಲ್ಲದೆ ಬೇರೆಯಾಗಿ ಮಾತನಾಡಿಸಲಿ. ಊರು ದೊಡ್ಡದಿದ್ದರೆ ಅಥವಾ ನಗರದ ವಾರ್ಡ್ ಆಗಿದ್ದರೆ ಪ್ರತಿ ಬೀದಿಯಲ್ಲೂ ಐದನೆಯ ಅಥವಾ ಹತ್ತನೆಯ ಮನೆ ಎಂದು ಮೊದಲೇ ನಿಯಮ ಮಾಡಿಕೊಳ್ಳಿ. ಬಾಗಿಲು ತೆರೆಯದ ಮನೆಗೆ ಇನ್ನೊಮ್ಮೆ ಹೋಗಿ, ಪಕ್ಕದ ಪರಿಚಯದ ಮನೆಯನ್ನು ಬದಲಿಗೆ ಸೇರಿಸಬೇಡಿ. ಪರಿಚಯದವರನ್ನೇ ಕೇಳಿದರೆ ನಿಮ್ಮದೇ ಅಭಿಪ್ರಾಯ ನಿಮಗೆ ಮರಳಿ ಕೇಳಿಸುತ್ತದೆ.

ಪ್ರಶ್ನೆಯ ಮಾತು ತೂಕ ತಪ್ಪಬಾರದು. 'ನಮ್ಮ ಕೆರೆಯನ್ನು ಹಾಳುಮಾಡುವ ಈ ಕಾರ್ಖಾನೆಗೆ ನಿಮ್ಮ ವಿರೋಧವಿದೆ ತಾನೇ?' ಎಂದು ಕೇಳಿದರೆ ಬರುವ 'ಹೌದು' ಎಂಬ ಉತ್ತರಕ್ಕೆ ಬೆಲೆಯಿಲ್ಲ. ಯೋಜನೆಯ ವಿಷಯ ಅವರಿಗೆ ಗೊತ್ತಿದೆಯೇ, ಅದರಿಂದ ತಮ್ಮ ಮನೆಗೆ ಆಗುವ ಅನುಕೂಲವೇನು, ತೊಂದರೆಯೇನು ಎಂದು ಅವರು ಭಾವಿಸುತ್ತಾರೆ, ಯಾವ ಷರತ್ತು ಪಾಲಿಸಿದರೆ ಒಪ್ಪುತ್ತಾರೆ ಅಥವಾ ಏನೇ ಆದರೂ ಒಪ್ಪುವುದಿಲ್ಲವೇ ಎಂದು ಈ ಕ್ರಮದಲ್ಲಿ ಕೇಳಿ, ಉತ್ತರವನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಿ. ಪರವಾಗಿ ಬಂದ ಉತ್ತರಗಳನ್ನೂ ಎಣಿಸಿ, ಎಣಿಕೆಯನ್ನು ಬಹಿರಂಗವಾಗಿ ಹೇಳಿ. '412 ಮನೆಗಳಲ್ಲಿ 287 ಮನೆಯವರು ವಿರೋಧ, 79 ಮನೆಯವರು ಷರತ್ತಿನ ಮೇಲೆ ಒಪ್ಪಿಗೆ, 46 ಮನೆಯವರು ಪರ' ಎಂಬಂತಹ ಲೆಕ್ಕ 'ಇಡೀ ಊರು' ಎಂಬ ಘೋಷಣೆಗಿಂತ ಎಷ್ಟೋ ಗಟ್ಟಿ. ಈ ಅಂಕಿಗಳು ಉದಾಹರಣೆಗೆ ಮಾತ್ರ. ಉತ್ತರ ಕೊಟ್ಟವರ ಹೆಸರನ್ನು ಅವರ ಒಪ್ಪಿಗೆಯಿಲ್ಲದೆ ಎಲ್ಲಿಯೂ ಬಳಸಬೇಡಿ.

ಮಾಧ್ಯಮಗಳಲ್ಲಿ ಬರುವ ಸಮೀಕ್ಷೆಗಳನ್ನು ಓದುವಾಗಲೂ ಇದೇ ಎಚ್ಚರ ಬೇಕು. ಯಾದೃಚ್ಛಿಕವಾಗಿ ಆರಿಸಿದ ಸಾವಿರ ಜನರನ್ನು ಕೇಳಿದ ಸಮೀಕ್ಷೆಯಲ್ಲಿ ಸುಮಾರು ಶೇ 3ರಷ್ಟು ಆಚೀಚೆ ಆಗುವುದು ಸಹಜ, ಆರಿಸಿದ ರೀತಿಯೇ ಸರಿಯಿಲ್ಲದಿದ್ದರೆ ಲಕ್ಷ ಜನರನ್ನು ಕೇಳಿದರೂ ಪ್ರಯೋಜನವಿಲ್ಲ. 2004ರ ಲೋಕಸಭಾ ಚುನಾವಣೆಯಲ್ಲಿ ಹೆಚ್ಚಿನ ಸಮೀಕ್ಷೆಗಳು ವಾಜಪೇಯಿ ಸರ್ಕಾರ ಮರಳುತ್ತದೆ ಎಂದಿದ್ದವು, ಆಗಲಿಲ್ಲ. 2024ರಲ್ಲಿ ಹೆಚ್ಚಿನ ಮತಗಟ್ಟೆ ಸಮೀಕ್ಷೆಗಳು ಬಿಜೆಪಿಗೆ ಸ್ಪಷ್ಟ ಬಹುಮತ ಕೊಟ್ಟಿದ್ದವು, ಪಕ್ಷ 240 ಸ್ಥಾನಗಳಲ್ಲಿ ನಿಂತಿತು.

ಆಕ್ಷೇಪಣೆ ಬರೆಯುವ ಬಗೆ

ಒಂದೇ ಒಕ್ಕಣೆಯ ಪತ್ರಕ್ಕೆ ಐನೂರು ಜನ ಸಹಿ ಹಾಕಿದರೆ ಕಚೇರಿಯಲ್ಲಿ ಅದನ್ನು ಒಂದು ಆಕ್ಷೇಪಣೆಯಾಗಿ ಎಣಿಸುವುದುಂಟು. ಐವತ್ತು ಜನ ತಮ್ಮ ತಮ್ಮ ಸರ್ವೆ ನಂಬರ್, ತಮ್ಮ ಬೆಳೆ, ತಮ್ಮ ಬೋರ್‌ವೆಲ್, ತಮ್ಮ ಮನೆಗೂ ಯೋಜನೆಯ ಜಾಗಕ್ಕೂ ಇರುವ ದೂರವನ್ನು ಬರೆದು ಕೊಟ್ಟ ಐವತ್ತು ಪತ್ರಗಳಿಗೆ ಐವತ್ತು ಉತ್ತರ ಬರೆಯಬೇಕಾಗುತ್ತದೆ. ಸಾಮೂಹಿಕ ಮನವಿಯನ್ನು ಬಿಡಬೇಕಿಲ್ಲ, ಅದು ಸಂಖ್ಯೆಯನ್ನು ತೋರಿಸುತ್ತದೆ. ಆದರೆ ಅದರ ಜೊತೆಗೆ ಪ್ರತ್ಯೇಕ ಪತ್ರಗಳು ಇರಲೇಬೇಕು. ಭೂಸ್ವಾಧೀನದ ನೋಟಿಸು ಪ್ರತ್ಯೇಕವಾಗಿ ಬಂದಿದ್ದರೆ ಉತ್ತರವೂ ಪ್ರತ್ಯೇಕವಾಗಿ, ಪಹಣಿಯ ಪ್ರತಿಯೊಂದಿಗೆ ಹೋಗಬೇಕು.

ಪತ್ರದ ಒಳಗೆ ಸಿಟ್ಟಿಗೆ ಜಾಗವಿಲ್ಲ. ಮೊದಲು ನೀವು ಯಾರು, ಯೋಜನೆಗೂ ನಿಮಗೂ ಏನು ಸಂಬಂಧ ಎಂಬುದನ್ನು ಎರಡು ಸಾಲಿನಲ್ಲಿ ಹೇಳಿ, ಅಧಿಸೂಚನೆಯ ಸಂಖ್ಯೆ ಮತ್ತು ದಿನಾಂಕವನ್ನು ಬರೆದು, ನಂತರ ಯೋಜನಾ ವರದಿಯ ಯಾವ ಪುಟದ ಯಾವ ಮಾತಿಗೆ ನಿಮ್ಮ ತಕರಾರಿದೆ ಎಂದು ತೋರಿಸಿ. ವರದಿಯು 'ಈ ಪ್ರದೇಶದಲ್ಲಿ ನೀರಾವರಿ ಜಮೀನಿಲ್ಲ' ಎಂದಿದ್ದು ನಿಮ್ಮ ಪಹಣಿಯಲ್ಲಿ ಬಾಗಾಯ್ತು (ನೀರಾವರಿ ತೋಟದ ಜಮೀನು) ಎಂದಿದ್ದರೆ ಆ ಪಹಣಿಯೇ ನಿಮ್ಮ ಅತ್ಯುತ್ತಮ ವಾಕ್ಯ. ಕೊನೆಯಲ್ಲಿ ಏನು ಬೇಕು ಎಂಬುದು ಸ್ಪಷ್ಟವಾಗಿರಲಿ: ಯೋಜನೆ ಪೂರ್ತಿ ಬೇಡವೇ, ಬೇರೆ ಜಾಗಕ್ಕೆ ಹೋಗಬೇಕೇ, ಷರತ್ತು ಸೇರಬೇಕೇ, ಅಥವಾ ಹೊಸದಾಗಿ ಅಧ್ಯಯನ ಆಗಬೇಕೇ?

ಅಂಕಿಅಂಶದ ಬೆನ್ನೆಲುಬು ಇದ್ದ ಜನಾಭಿಪ್ರಾಯಕ್ಕೆ ನಮ್ಮಲ್ಲಿಯೇ ಹಳೆಯ ಮಾದರಿಯಿದೆ. ಉತ್ತರ ಕನ್ನಡದ ಬೇಡ್ತಿ ಜಲವಿದ್ಯುತ್ ಯೋಜನೆಯ ವಿರುದ್ಧ ದನಿಯೆತ್ತಿದ ಅಡಿಕೆ ಬೆಳೆಗಾರರು ಬರೀ 'ಬೇಡ' ಎಂದು ಕೂರಲಿಲ್ಲ. 1980ರ ದಶಕದ ಆರಂಭದಲ್ಲಿ ಶಿರಸಿಯಲ್ಲಿ ವಿಜ್ಞಾನಿಗಳು ಮತ್ತು ಅರ್ಥಶಾಸ್ತ್ರಜ್ಞರನ್ನು ಸೇರಿಸಿ, ಮುಳುಗಡೆಯಾಗುವ ತೋಟ ಮತ್ತು ಕಾಡಿನ ಬೆಲೆಯನ್ನು ಸಿಗುವ ವಿದ್ಯುತ್ತಿನ ಎದುರಿಗಿಟ್ಟು ಲೆಕ್ಕ ಹಾಕಿಸಿದರು. ಯೋಜನೆಯ ಪರ ಇದ್ದವರೂ ಆ ಲೆಕ್ಕಕ್ಕೆ ಉತ್ತರ ಕೊಡಬೇಕಾಯಿತು.

ಪತ್ರವನ್ನು ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಸ್ವೀಕರಿಸಿದವರ ಸಹಿ ಹಾಕಿಸಿಕೊಳ್ಳದೆ ಹೊರಬರಬೇಡಿ. 'ಸಾಹೇಬರು ಬಂದ ಮೇಲೆ ಹಾಕಿಕೊಡುತ್ತೇವೆ' ಎಂದರೆ ಅದೇ ದಿನ ಸ್ಪೀಡ್ ಪೋಸ್ಟಿನಲ್ಲಿಯೂ ಒಂದು ಪ್ರತಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ವಿಷಯದಲ್ಲಿ ನಾವು ಕೊಟ್ಟ ಮೂವತ್ತಕ್ಕೂ ಹೆಚ್ಚು ಪತ್ರಗಳಲ್ಲಿ ವಿಚಾರಣೆಯ ದಿನ ಕಡತದಲ್ಲಿ ಕಂಡದ್ದು ಸ್ವೀಕೃತಿ ಪಡೆದಿದ್ದ ಹನ್ನೊಂದು ಮಾತ್ರ. ಉಳಿದವನ್ನು ನಂಬಿಕೆಯ ಮೇಲೆ ಕೈಗೆ ಕೊಟ್ಟು ಬಂದಿದ್ದೆವು. ಆ ಪತ್ರ ಬರೆದವರಲ್ಲಿ ಜೀವನದಲ್ಲಿ ಮೊದಲ ಬಾರಿಗೆ ಸರ್ಕಾರಕ್ಕೆ ಬರೆದ ಅಜ್ಜಂದಿರಿದ್ದರು. ಅವರ ಮುಖ ನೋಡಲು ನನಗೆ ಆಗಲಿಲ್ಲ.

ಗ್ರಾಮಸಭೆಯ ನಿರ್ಣಯ

ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಾಗ ಗ್ರಾಮಸಭೆಗೆ ಸಾಂವಿಧಾನಿಕ ಸ್ಥಾನ ದೊರೆಯಿತು. ಕರ್ನಾಟಕದ ಕಾಯ್ದೆಯಲ್ಲಿ ಅದು ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರು. ನಮ್ಮಲ್ಲಿ ಹೆಚ್ಚಿನ ಗ್ರಾಮಸಭೆಗಳು ಫಲಾನುಭವಿಗಳ ಪಟ್ಟಿ ಓದಿ ಮುಗಿಯುತ್ತವೆ ಎಂಬ ದೂರು ನಿಜ. ಆದರೂ ಗ್ರಾಮಸಭೆಯ ನಿರ್ಣಯಕ್ಕೆ ಎಂತಹ ಶಕ್ತಿ ಬರಬಹುದು ಎಂಬುದಕ್ಕೆ ಒಡಿಶಾದ ನಿಯಮಗಿರಿ ಸಾಕ್ಷಿ. ಅಲ್ಲಿನ ಬಾಕ್ಸೈಟ್ ಗಣಿಗಾರಿಕೆ ಕುರಿತು ಗ್ರಾಮಸಭೆಗಳೇ ತಮ್ಮ ಹಕ್ಕುಗಳ ಪ್ರಶ್ನೆಯನ್ನು ಪರಿಶೀಲಿಸಬೇಕೆಂದು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 18ರಂದು ಹೇಳಿತು. ಆ ವರ್ಷ ರಾಯಗಡ ಮತ್ತು ಕಾಳಹಂಡಿ ಜಿಲ್ಲೆಗಳ 12 ಗ್ರಾಮಸಭೆಗಳು ಸೇರಿದವು, ಹನ್ನೆರಡೂ ಗಣಿ ಬೇಡವೆಂದವು. 2014ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಯೋಜನೆಗೆ ಅನುಮತಿ ನಿರಾಕರಿಸಿತು. ಅಲ್ಲಿನ ಡೋಂಗ್ರಿಯಾ ಕೊಂಧ್ ಬುಡಕಟ್ಟು ಸಮುದಾಯದ ಕೈಯಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆ ಇತ್ತು ಎಂಬುದನ್ನು ಮರೆಯಬಾರದು. ಎಲ್ಲ ಊರಿನ ನಿರ್ಣಯಕ್ಕೂ ಅಷ್ಟೇ ಬಲ ಬರುವುದಿಲ್ಲ. ಹಾಗೆಂದು ನಿರ್ಣಯ ವ್ಯರ್ಥವಲ್ಲ: ಅದು ಊರಿನ ಅಭಿಪ್ರಾಯಕ್ಕೆ ಸಿಗುವ ಅತ್ಯಂತ ಅಧಿಕೃತ ರೂಪ.

ವಿಷಯವನ್ನು ಕಾರ್ಯಸೂಚಿಯಲ್ಲಿ ಸೇರಿಸಬೇಕೆಂದು ಅಧ್ಯಕ್ಷರಿಗೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೂ (ಪಿಡಿಒ) ಸಭೆಗೆ ಸಾಕಷ್ಟು ಮುಂಚೆ ಬರೆದು ಕೊಡಿ. ವಾರ್ಡ್ ಸಭೆಯಲ್ಲಿಯೇ ವಿಷಯ ಚರ್ಚೆಯಾಗಿ ಬಂದಿದ್ದರೆ ಗ್ರಾಮಸಭೆಯಲ್ಲಿ ಅದನ್ನು ಪಕ್ಕಕ್ಕೆ ಸರಿಸುವುದು ಕಷ್ಟ. ನಿರ್ಣಯದ ಒಕ್ಕಣೆಯನ್ನು ಮೊದಲೇ ಸಿದ್ಧಮಾಡಿಕೊಂಡು ಹೋಗಿ, ಓದಿಸಿ, ನಡಾವಳಿ ಪುಸ್ತಕದಲ್ಲಿ ಅದೇ ಪದಗಳಲ್ಲಿ ಬರೆಸಿ. ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಾತಿ) ಆಗುವಷ್ಟು ಜನ ಸಹಿ ಹಾಕಿದ ಮೇಲೆಯೇ ಎದ್ದು ಬನ್ನಿ. ಸಭೆ ಮುಗಿದು ಮೂರು ದಿನದ ನಂತರ ಬರೆದ ನಡಾವಳಿಯಲ್ಲಿ 'ಚರ್ಚಿಸಲಾಯಿತು' ಎಂಬ ಒಂದೇ ಪದ ಉಳಿದಿರುತ್ತದೆ.

ಸಾರ್ವಜನಿಕ ಅಹವಾಲು ಸಭೆಯಲ್ಲಿ ಮಾತನಾಡುವುದು

2006ರ ಸೆಪ್ಟೆಂಬರ್ 14ರ ಪರಿಸರ ಅಧಿಸೂಚನೆಯ ಅಡಿಯಲ್ಲಿ ದೊಡ್ಡ ಗಣಿ, ಕಾರ್ಖಾನೆ, ಅಣೆಕಟ್ಟುಗಳಂತಹ ಅನೇಕ ಯೋಜನೆಗಳಿಗೆ ಈ ಸಭೆ ಕಡ್ಡಾಯ, ಎಲ್ಲ ಯೋಜನೆಗಳಿಗೂ ಅಲ್ಲ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಇದನ್ನು ಏರ್ಪಡಿಸುತ್ತದೆ. ಜಿಲ್ಲಾಧಿಕಾರಿ ಅಥವಾ ಅವರು ನೇಮಿಸಿದ ಹಿರಿಯ ಅಧಿಕಾರಿ ಅಧ್ಯಕ್ಷತೆ ವಹಿಸುತ್ತಾರೆ. ಯೋಜನೆಯ ಜಾಗದಲ್ಲಿ ಅಥವಾ ಅದರ ಹತ್ತಿರದಲ್ಲಿಯೇ ಸಭೆ ನಡೆಯಬೇಕು. ಕನಿಷ್ಠ 30 ದಿನ ಮೊದಲು ಒಂದು ರಾಷ್ಟ್ರೀಯ ಮತ್ತು ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, ಪತ್ರಿಕೆ ತಲುಪದ ಕಡೆ ಡಂಗುರ ಹೊಡೆಸಿಯಾದರೂ ತಿಳಿಸಬೇಕು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ ಮುಂತಾದ ಕಡೆ ಸಿಗಬೇಕು. ಇವುಗಳಲ್ಲಿ ಯಾವುದು ತಪ್ಪಿದ್ದರೂ ಸಭೆಯ ಆರಂಭದಲ್ಲಿಯೇ ಎದ್ದು ನಿಂತು ಹೇಳಿ, ಲಿಖಿತವಾಗಿಯೂ ಕೊಡಿ.

ಈ ಸಭೆಯಲ್ಲಿ ಮತದಾನವಿಲ್ಲ, ಕೋರಂ ಕೂಡ ಇಲ್ಲ. ಕೂಗಿ ಸಭೆಯನ್ನು ನಿಲ್ಲಿಸಿದರೆ ಗೆದ್ದಂತೆ ಎಂಬ ಭಾವನೆ ಹಲವರಲ್ಲಿದೆ. ಗದ್ದಲದಲ್ಲಿ ಕೊಚ್ಚಿಹೋಗುವುದು ನಿಮ್ಮದೇ ಮಾತು, ಯೋಜನೆಯವರದ್ದಲ್ಲ. ಅವರು ಹೇಳಬೇಕಾದದ್ದು ಮುದ್ರಿತ ವರದಿಯಲ್ಲಿ ಆಗಲೇ ಇದೆ. ಕಾರ್ಯಕ್ರಮ ಪೂರ್ತಿ ವಿಡಿಯೊದಲ್ಲಿ ದಾಖಲಾಗುತ್ತದೆ, ಆ ವಿಡಿಯೊ ನಡಾವಳಿಯ ಜೊತೆಗೆ ಮುಂದಿನ ಪ್ರಾಧಿಕಾರಕ್ಕೆ ಹೋಗುತ್ತದೆ. ಆದ್ದರಿಂದ ಯಾರು ಯಾವ ವಿಷಯ ಮಾತನಾಡಬೇಕು ಎಂದು ಮುಂಚಿನ ದಿನ ಹಂಚಿಕೊಳ್ಳಿ. ನೀರಿನ ವಿಷಯವನ್ನು ಬಾವಿಯ ಆಳ ಗೊತ್ತಿರುವ ರೈತ ಹೇಳಲಿ, ಧೂಳಿನ ವಿಷಯವನ್ನು ಅಂಗನವಾಡಿಗೆ ಮಗುವನ್ನು ಕಳಿಸುವ ತಾಯಿ ಹೇಳಲಿ, ರಸ್ತೆಯ ವಿಷಯವನ್ನು ಹಾಲಿನ ವ್ಯಾನ್ ಓಡಿಸುವ ಹುಡುಗ ಹೇಳಲಿ. ಹೆಸರು, ಊರು ಹೇಳಿ, ಮೂರು ನಿಮಿಷದಲ್ಲಿ ಒಂದು ವಿಷಯ ಮುಗಿಸಿ, ಅದೇ ಮಾತನ್ನು ಬರೆದ ಹಾಳೆಯನ್ನು ವೇದಿಕೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಮಾತನಾಡಲು ಅಂಜುವವರು ಬರಹದಲ್ಲಿ ಮಾತ್ರ ಕೊಟ್ಟರೂ ಅದು ಲೆಕ್ಕಕ್ಕೆ ಬರುತ್ತದೆ. ಸಭೆಯ ಕೊನೆಯಲ್ಲಿ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕೆಂಬ ನಿಯಮವಿದೆ. ಬಿಸಿಲಿಗೋ ಹಸಿವಿಗೋ ಬೇಸತ್ತು ಅಷ್ಟರಲ್ಲಿ ಮನೆಗೆ ಹೊರಟುಹೋಗುವ ತಪ್ಪನ್ನು ಮಾಡಬೇಡಿ. ನಿಮ್ಮ ಮಾತು ಬಿಟ್ಟುಹೋಗಿದ್ದರೆ ಸರಿಪಡಿಸಲು ಇರುವ ಅವಕಾಶ ಅದೊಂದೇ ಗಳಿಗೆ.

ಶಾಸನಸಭೆ, ಪತ್ರಿಕೆ, ಬೀದಿ

ಶಾಸಕರಿಗೆ ಹಾರ ಹಾಕಿ ಮನವಿ ಕೊಟ್ಟು ಫೋಟೊ ತೆಗೆಸಿಕೊಳ್ಳುವುದರಿಂದ ಆಗುವುದು ಕಡಿಮೆ. ಅಧಿವೇಶನಕ್ಕೆ ಮುಂಚೆ ಅವರ ಬಳಿ ಹೋಗಿ, ಸದನದಲ್ಲಿ ಕೇಳಬಹುದಾದ ಪ್ರಶ್ನೆಯನ್ನು ನೀವೇ ಬರೆದು ಕೊಡಿ. ಸಚಿವರು ಸದನಕ್ಕೆ ಕೊಡುವ ಉತ್ತರ ಅಧಿಕೃತ ದಾಖಲೆ, ಅದನ್ನು ಮುಂದೆ ಎಲ್ಲಿ ಬೇಕಾದರೂ ಉಲ್ಲೇಖಿಸಬಹುದು. ನಿಮ್ಮ ಕ್ಷೇತ್ರದ ಶಾಸಕರು ಒಪ್ಪದಿದ್ದರೆ ಬೇರೆ ಕ್ಷೇತ್ರದವರೂ ವಿಧಾನ ಪರಿಷತ್ತಿನ ಸದಸ್ಯರೂ ಕೇಳಬಹುದು. ಸದನದ ಅರ್ಜಿಗಳ ಸಮಿತಿಯ ಮುಂದೆ ವಿಷಯ ಹೋಗುವಂತೆ ಸದಸ್ಯರೊಬ್ಬರ ಮೂಲಕ ಅರ್ಜಿ ಸಲ್ಲಿಸುವ ದಾರಿಯೂ ಇದೆ. ಕೇಂದ್ರದ ಮಸೂದೆಗಳ ವಿಷಯದಲ್ಲಿ, ಕರಡನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡಬೇಕೆಂಬ ಪೂರ್ವಸಮಾಲೋಚನಾ ನೀತಿ 2014ರಿಂದ ಇದೆ. ಅದು ಕಾಯ್ದೆಯಲ್ಲದ ಕಾರಣ ಪಾಲನೆ ಸಡಿಲ.

ಕಾಗದದ ದಾರಿ ಮುಚ್ಚಿದಾಗ ಬೀದಿಗೆ ಇಳಿಯಬೇಕಾಗುತ್ತದೆ, ಪೊಲೀಸರಿಗೆ ಮುಂಚಿತವಾಗಿ ತಿಳಿಸಿ ಶಾಂತವಾಗಿ ನಡೆಸುವ ಧರಣಿ ಸಂವಿಧಾನ ಕೊಟ್ಟ ಹಕ್ಕು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು ಕೆಐಎಡಿಬಿ ಗುರುತಿಸಿದ್ದ 1,777 ಎಕರೆಯನ್ನು ಬಿಟ್ಟುಕೊಡಲು ಒಪ್ಪದೆ 2022ರ ಏಪ್ರಿಲ್‌ನಲ್ಲಿ ಧರಣಿ ಕೂತರು. ಸ್ವಾಧೀನ ಕೈಬಿಟ್ಟಿರುವುದಾಗಿ ಮುಖ್ಯಮಂತ್ರಿಗಳು ಪ್ರಕಟಿಸಿದ್ದು 2025ರ ಜುಲೈ 15ರಂದು, ಮೂರು ವರ್ಷ ದಾಟಿದ ಮೇಲೆ. ಇದರ ಪಕ್ಕದಲ್ಲಿ ಇನ್ನೊಂದು ಜುಲೈಯನ್ನು ಇಟ್ಟು ನೋಡಬೇಕು. 2024ರ ಜುಲೈ 15ರಂದು ರಾಜ್ಯ ಸಚಿವ ಸಂಪುಟವು ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಉದ್ಯಮ ವಲಯ ತೀವ್ರವಾಗಿ ವಿರೋಧಿಸಿತು, ಎರಡೇ ದಿನದಲ್ಲಿ ಮಸೂದೆಯನ್ನು ತಡೆಹಿಡಿಯಲಾಯಿತು. ಆ ಮಸೂದೆ ಸರಿಯೇ ತಪ್ಪೇ ಎಂಬ ಚರ್ಚೆ ಬೇರೆ. ಕೆಲವರ ಅಭಿಪ್ರಾಯ ಎರಡು ದಿನದಲ್ಲಿ ವಿಧಾನಸೌಧ ತಲುಪುತ್ತದೆ, ಕೆಲವರದ್ದು ತಲುಪಲು ಸಾವಿರಕ್ಕೂ ಹೆಚ್ಚು ದಿನ ಬೇಕಾಗುತ್ತದೆ ಎಂಬುದು ನನ್ನನ್ನು ಕಾಡುತ್ತದೆ. ಫೋನ್ ಮಾಡಿದರೆ ಸಚಿವರು ಎತ್ತಿಕೊಳ್ಳುವಂತಹ ಪರಿಚಯವಿಲ್ಲದವರಿಗೆ ಗಡುವು, ಸ್ವೀಕೃತಿ, ನಡಾವಳಿ ಎಂದು ಇಷ್ಟು ಹೇಳಬೇಕಾಗಿ ಬಂದದ್ದು ಈ ಕಾರಣಕ್ಕೇ.

ಪತ್ರಿಕೆಯವರಿಗೆ ಸುದ್ದಿ ಕೊಡುವಾಗ ಭಾಷಣವನ್ನಲ್ಲ, ದಾಖಲೆಯ ಪ್ರತಿಯನ್ನು ಕೊಡಿ. ಸ್ಥಳೀಯ ವರದಿಗಾರರಿಗೆ ಸಮಯ ಕಡಿಮೆ, ಒಂದು ಪುಟದಲ್ಲಿ ದಿನಾಂಕವಾರು ವಿವರ ಇದ್ದರೆ ಅವರಿಗೂ ಅನುಕೂಲ.

ಬಹುಮತ ಎಲ್ಲಿಯವರೆಗೆ?

ಜನಾಭಿಪ್ರಾಯ ಸರ್ಕಾರವನ್ನು ಬದಲಿಸಬಲ್ಲದು, ಸಂವಿಧಾನ ಕೊಟ್ಟ ಹಕ್ಕನ್ನು ಕಿತ್ತುಕೊಳ್ಳಲಾರದು. ಕನ್ನಡಿಗರಿಗೆ ಇದನ್ನು ಕಲಿಸಿದ್ದು ನಮ್ಮದೇ ಭಾಷಾ ಚಳವಳಿ. ವಿ.ಕೃ. ಗೋಕಾಕರ ಸಮಿತಿ 1981ರ ಜನವರಿಯಲ್ಲಿ ಕೊಟ್ಟ ವರದಿಯ ಜಾರಿಗಾಗಿ ಸಾಹಿತಿಗಳು ಆರಂಭಿಸಿದ ಹೋರಾಟ, 1982ರಲ್ಲಿ ಡಾ. ರಾಜಕುಮಾರ್ ಧುಮುಕಿದ ಮೇಲೆ ನಾಡಿನ ಉದ್ದಗಲಕ್ಕೂ ಹಬ್ಬಿತು. ಗುಂಡೂರಾವ್ ಸರ್ಕಾರ ಮಣಿಯಬೇಕಾಯಿತು, 1983ರಲ್ಲಿ ರಾಜ್ಯಕ್ಕೆ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಆ ಸೋಲಿಗೆ ಕಾರಣಗಳು ಹಲವು, ಭಾಷೆಯ ಪ್ರಶ್ನೆಯೂ ಅವುಗಳಲ್ಲೊಂದು. ಆದರೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮಾಧ್ಯಮವನ್ನು ಕಡ್ಡಾಯ ಮಾಡಿದ 1994ರ ಸರ್ಕಾರಿ ಆದೇಶ, ನಾಡಿನ ದೊಡ್ಡ ಬೆಂಬಲವಿದ್ದರೂ, ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ಮುಂದೆ ಉಳಿಯಲಿಲ್ಲ. ಮಾಧ್ಯಮದ ಆಯ್ಕೆ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಎಂದು ಅದು 2014ರ ಮೇ 6ರಂದು ಹೇಳಿತು. ಆ ತೀರ್ಪು ನನಗೆ ನೋವು ಕೊಟ್ಟಿತು, ಇಂದಿಗೂ ಕೊಡುತ್ತದೆ. ಆದರೂ ನೀವು ನಿರ್ಣಯ ಬರೆಯುವಾಗ, ನಿಮ್ಮ ಬೇಡಿಕೆ ಯಾರದಾದರೂ ಮೂಲಭೂತ ಹಕ್ಕಿಗೆ ತಾಗುತ್ತದೆಯೇ ಎಂದು ತಿಳಿದವರನ್ನು ಒಮ್ಮೆ ಕೇಳಿ ಮುಂದುವರಿಯಿರಿ. ಒಂದು ಸಮುದಾಯವನ್ನು ಊರಿಂದ ಹೊರಗಿಡುವ, ಒಬ್ಬರ ವ್ಯಾಪಾರ ಮುಚ್ಚಿಸುವ ನಿರ್ಣಯಕ್ಕೆ ನೂರಕ್ಕೆ ತೊಂಬತ್ತೊಂಬತ್ತು ಸಹಿ ಬಿದ್ದರೂ ಅದು ನಿಲ್ಲುವುದಿಲ್ಲ, ನಿಲ್ಲಲೂ ಬಾರದು.

ತೀರ್ಮಾನ ಬಂದ ಮೇಲೆ

ನಿಮ್ಮ ಆಕ್ಷೇಪಣೆಯನ್ನು ತಿರಸ್ಕರಿಸಿದ್ದರೆ ಯಾವ ಕಾರಣಕ್ಕೆ ಎಂದು ಆದೇಶದಲ್ಲಿ ಹುಡುಕಿ. 'ಆಕ್ಷೇಪಣೆಗಳನ್ನು ಪರಿಶೀಲಿಸಿ ತಿರಸ್ಕರಿಸಲಾಗಿದೆ' ಎಂಬ ಒಂದೇ ಸಾಲಿದ್ದರೆ, ಪರಿಶೀಲನೆ ನಡೆದ ಟಿಪ್ಪಣಿ ಹಾಳೆಗಳ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಅಂದೇ ಕೇಳಿ. ಕಾರಣವಿಲ್ಲದ ಆದೇಶ ಮೇಲ್ಮನವಿಯಲ್ಲಿ ದುರ್ಬಲವಾಗಿರುತ್ತದೆ. ಮೇಲ್ಮನವಿಗೂ ಗಡುವಿರುವುದರಿಂದ ಆದೇಶ ಕೈಸೇರಿದ ದಿನಾಂಕವನ್ನು ಲಕೋಟೆಯ ಮೇಲೆಯೇ ಬರೆದು, ಲಕೋಟೆಯನ್ನೂ ಜೋಪಾನ ಮಾಡಿ. ನಿಮ್ಮ ಮಾತಿಗೆ ಒಪ್ಪಿ ಷರತ್ತು ಸೇರಿಸಿದ್ದರೆ ಆ ಷರತ್ತಿನ ಪಾಲನಾ ವರದಿಯನ್ನು ಆರು ತಿಂಗಳಿಗೊಮ್ಮೆ ಕೇಳುವ ಕೆಲಸವನ್ನು ಒಬ್ಬರಿಗೆ ವಹಿಸಿ. ಯೋಜನೆಯನ್ನೇ ಕೈಬಿಟ್ಟೆವು ಎಂದು ಬಾಯಿಮಾತಿನಲ್ಲಿ ಪ್ರಕಟಿಸಿದ್ದರೆ, ಅಧಿಸೂಚನೆಯನ್ನು ಹಿಂಪಡೆದ ಆದೇಶದ ಪ್ರತಿ ಕೈಗೆ ಬರುವವರೆಗೆ ಊರಿನ ಸಮಿತಿಯನ್ನು ವಿಸರ್ಜಿಸಬೇಡಿ, ಇಷ್ಟು ದಿನ ಕೂಡಿಟ್ಟ ಸ್ವೀಕೃತಿ, ನಿರ್ಣಯ, ರಸೀದಿಗಳ ಒಂದು ನಕಲು ಊರಿನ ಗ್ರಂಥಾಲಯದಲ್ಲೋ ಶಾಲೆಯಲ್ಲೋ, ಮುಂದಿನವರ ಕೈಗೆ ಸಿಗುವ ಕಡೆ ಇರಲಿ.